ತಕಿಟ, ತಕಧಿಮಿ, ಲ.ಸಾ.ಅ.

(ನಮ್ಮ ತಾಲ್ಲೂಕಿನ ಶಿಕ್ಷಕರ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಅಲ್ಲಿ ಚಪ್ಪಾಳೆ ಹೊಡೆದು, ಬಾಟಲಿ ಊದಿ ತೋರಿಸಿದ್ದನ್ನೆಲ್ಲ ಇಲ್ಲಿ ಬರೀ ಮಾತಲ್ಲಿ ಹೇಳಬೇಕಾಗಿದೆ. ಓದುವಾಗ ನೀವೂ ಒಂದೆರಡು ಸಲ ಮೇಜು ಕುಟ್ಟಿ ನೋಡಿ.)

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಸಂಗೀತಗಾರನಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಚಿಕ್ಕವನಿದ್ದಾಗ ಊರಿನ ಭಜನೆ ಮಂಡಳಿಯಲ್ಲಿ ತಾಳ ಹಾಕುತ್ತಿದ್ದೆ. ಆಮೇಲೆ ಎರಡು ವರ್ಷ ಪಾಠಕ್ಕೆ ಹೋಗಿ ಸರಳೆ, ಜಂಟಿ, ಅಲಂಕಾರ ಮುಗಿಸಿ, ಗೀತೆಗೆ ಬರುವಷ್ಟರಲ್ಲಿ ಬಿಟ್ಟೆ. ಅಷ್ಟೇ ನನ್ನ ಬಂಡವಾಳ. ಇವತ್ತು ನಾನು ಹೇಳುವುದಕ್ಕೆ ಅಷ್ಟೂ ಬೇಕಿಲ್ಲ, ತಪ್ಪದೆ ಚಪ್ಪಾಳೆ ಹೊಡೆಯಲು ಬಂದರೆ ಸಾಕು.

"ಸಂಗೀತದ ಮೂಲಕ ಪಾಠ" ಅಂದ ತಕ್ಷಣ ನಮಗೆಲ್ಲ ಹೊಳೆಯುವುದು ಒಂದೇ. ಪಾಠಕ್ಕೆ ಒಂದು ಟ್ಯೂನ್ ಹಾಕುವುದು. ಪ್ರೈಮರಿಯವರಿಗೆ ಇದು ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿಕಲಿ ಶುರುವಾದಾಗಿನಿಂದ ಹಾಡು ಅದರ ಜೊತೆಗೇ ಇದೆ. ಒಂದನೇ ತರಗತಿಯ ಬಾಗಿಲ ಹತ್ತಿರ ನಿಂತರೆ ಮಳೆ ಬಗ್ಗೆಯೋ ಬೆಕ್ಕಿನ ಬಗ್ಗೆಯೋ ಹಾಡು ಕೇಳಿಸುತ್ತದೆ, ಅಲ್ವಾ. ಅದು ಚೆನ್ನಾಗಿಯೇ ಇದೆ. ಆ ವಯಸ್ಸಿಗೆ ಬೇಕಾದ್ದೂ ಹೌದು. ಆದರೆ ನಾವು ಹೈಸ್ಕೂಲಿನವರು ಅದನ್ನೇ ನೋಡಿ ಕಾಪಿ ಹೊಡೆಯಲು ಹೋಗಿ ಎಡವುತ್ತೇವೆ. ನಾನಂತೂ ಎಡವಿದ್ದೇನೆ.

ಕೆಲಸಕ್ಕೆ ಸೇರಿದ ಹೊಸದು. ವಿಜ್ಞಾನದ ಮೇಷ್ಟ್ರ ಹುದ್ದೆ ಖಾಲಿ ಇತ್ತು, ಆ ಪಾಠವೂ ನನ್ನ ತಲೆಗೇ ಬಂತು. ಉತ್ಸಾಹ ಜಾಸ್ತಿ. ಗ್ರಹಗಳ ಮೇಲೆ ನಾನೇ ಒಂದು ಹಾಡು ಕಟ್ಟಿದೆ, ಬುಧನಿಂದ ಪ್ಲುಟೊವರೆಗೆ ಒಂಬತ್ತೂ ಗ್ರಹ, ಕೋಲಾಟದ ಮಟ್ಟು. ಮಕ್ಕಳು ಕುಣಿದರು, ವಾರ್ಷಿಕೋತ್ಸವದಲ್ಲೂ ಹಾಡಿಸಿದೆ, ಶಾಲು ಕೂಡ ಹೊದಿಸಿಕೊಂಡೆ. 2006ರಲ್ಲಿ ಖಗೋಳ ವಿಜ್ಞಾನಿಗಳು ಸೇರಿ ಪ್ಲುಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದರು. ಪುಸ್ತಕದಲ್ಲಿ ಎಂಟಾಯಿತು. ನಾನೂ ಬೋರ್ಡಿನ ಮೇಲೆ ಎಂಟು ಅಂತ ಬರೆದೆ. ಮಕ್ಕಳ ಬಾಯಲ್ಲಿ ಮಾತ್ರ ಒಂಬತ್ತೇ. ಯಾಕೆ ಅಂದರೆ ಕೊನೆ ಸಾಲಲ್ಲಿ ಕೋಲು ಬೀಳುವ ಪೆಟ್ಟು ಸರಿಯಾಗಿ "ಪ್ಲುಟೊ" ಮೇಲೇ ಬೀಳುತ್ತಿತ್ತು, ಅದನ್ನು ತೆಗೆದರೆ ಹಾಡು ಕುಂಟುತ್ತದೆ. ಅಕ್ಕ ಹಾಡಿದ್ದನ್ನು ತಂಗಿ ಕಲಿತಳು. ನಾನು ಕಲಿಸದ ಮಕ್ಕಳೂ ಮನೆಯಿಂದ ಕಲಿತು ಬಂದು ಪರೀಕ್ಷೆಯಲ್ಲಿ ಒಂಬತ್ತು ಅಂತ ಬರೆದರು. ಕೆಂಪು ಇಂಕಿನಲ್ಲಿ ತಪ್ಪು ಹಾಕಿದೆ. ತಪ್ಪು ಯಾರದ್ದು ಅಂತ ನನಗೆ ಗೊತ್ತಿತ್ತು.

ಹಾಡಿನ ಶಕ್ತಿ ಎಷ್ಟು ಅಂತ ನನಗೆ ಗೊತ್ತಾಗಿದ್ದು ಹಾಗೆ. ಅದು ನೆನಪಿಗೆ ಹೊಡೆದ ಮೊಳೆ. ಸರಿಯಾದ ಜಾಗಕ್ಕೆ ಹೊಡೆದರೆ ಸರಿ, ತಪ್ಪಿ ಹೊಡೆದರೆ ಕೀಳುವುದು ಭಾರಿ ಕಷ್ಟ.

ಇನ್ನೊಂದು ಉದಾಹರಣೆ ನಮಗೆಲ್ಲ ಗೊತ್ತಿರುವ ಮಗ್ಗಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ನಾವೆಲ್ಲ ಸಂಜೆ ದೀಪದ ಮುಂದೆ ಕೂತು ರಾಗವಾಗಿ ಹೇಳಿದವರೇ. ಆ ರಾಗಕ್ಕೆ ಯಾರೂ ಸ್ವರ ಹಾಕಿಲ್ಲ, ಆದರೂ ಯಾವ ಊರಿಗೆ ಹೋದರೂ ಹೆಚ್ಚುಕಡಿಮೆ ಅದೇ. ಒಳ್ಳೆಯದೇ. ಈಗ ಎಂಟನೇ ತರಗತಿಯ ಹುಡುಗನನ್ನು ನಿಲ್ಲಿಸಿ "ಏಳೆಂಟ್ಲ ಎಷ್ಟೋ?" ಅಂತ ಕೇಳಿ. ಅವನ ತುಟಿ ನೋಡಿ. ಏಳೊಂದ್ಲ ಏಳರಿಂದ ಶುರು ಮಾಡಿ, ಒಳಗೊಳಗೇ ಹಾಡಿಕೊಂಡು ಬಂದು, ಎಂಟನೇ ಮೆಟ್ಟಿಲಲ್ಲಿ ನಿಂತು "ಐವತ್ತಾರು" ಅನ್ನುತ್ತಾನೆ. ನಡುವೆ ನೀವು ಕೆಮ್ಮಿದರೆ ಮತ್ತೆ ಮೊದಲಿನಿಂದ. ಅವನಿಗೆ ಹಾಡು ಬರುತ್ತದೆ. ಏಳು ಸಲ ಎಂಟು ಅಂದರೆ ಏನು ಅನ್ನುವುದು ಆ ಹಾಡಿನಲ್ಲಿ ಇಲ್ಲ. ಹಾಗಂತ ಮಗ್ಗಿ ಬಿಡಿಸಬೇಡಿ, ದಯವಿಟ್ಟು. ಮಗ್ಗಿ ಬಂದ ಮಾತ್ರಕ್ಕೆ ಗುಣಾಕಾರ ಬಂತು ಅಂದುಕೊಳ್ಳಬೇಡಿ, ಅಷ್ಟೇ.

ಹಾಗಾಗಿ ಈಚಿನ ವರ್ಷಗಳಲ್ಲಿ ನಾನು ಉಲ್ಟಾ ದಾರಿ ಹಿಡಿದಿದ್ದೇನೆ. ಪಾಠದ ಮೇಲೆ ಹಾಡು ಮೆತ್ತುವುದಲ್ಲ. ಸಂಗೀತದ ಒಳಗೆ ಆಗಲೇ ಪಾಠ ಕೂತಿದೆ, ಗಣಿತ ಇದೆ, ವಿಜ್ಞಾನ ಇದೆ, ಚರಿತ್ರೆ ಇದೆ, ಅದನ್ನು ಹೊರಗೆ ತೆಗೆಯುವುದು. ಹೇಳಿದರೆ ದೊಡ್ಡ ಮಾತಿನ ಹಾಗೆ ಕೇಳಿಸುತ್ತೆ, ಮಾಡಿ ತೋರಿಸಿದರೆ ಸುಲಭ.

ಲ.ಸಾ.ಅ. ಪಾಠ. ಲಘುತಮ ಸಾಮಾನ್ಯ ಅಪವರ್ತ್ಯ ಅಂತ ಬೋರ್ಡಿನ ಮೇಲೆ ಬರೆದ ತಕ್ಷಣ ಅರ್ಧ ತರಗತಿಯ ಮುಖ ಬಾಡುತ್ತದೆ. ಆ ಹೆಸರನ್ನು ನಾನು ಮೊದಲ ದಿನ ಹೇಳುವುದೇ ಇಲ್ಲ. ಡಸ್ಟರ್ ಹಿಂಬದಿಯಿಂದ ಮೇಜನ್ನು ಒಂದೇ ಸಮ ಕುಟ್ಟುತ್ತೇನೆ, ಗಡಿಯಾರದ ಥರ. ಕಿಟಕಿ ಕಡೆಯವರು "ತಕಿಟ, ತಕಿಟ" ಅನ್ನಬೇಕು, ಒಂದು ಕುಟ್ಟಿಗೆ ಒಂದಕ್ಷರ, "ತ" ಬಂದಾಗ ಮಾತ್ರ ಚಪ್ಪಾಳೆ. ಬಾಗಿಲ ಕಡೆಯವರು "ತಕಧಿಮಿ, ತಕಧಿಮಿ", ಅವರಿಗೂ "ತ" ಬಂದಾಗಲೇ ಚಪ್ಪಾಳೆ. ಮೊದಲ ಸಲ ಗದ್ದಲವೋ ಗದ್ದಲ. ಒಂದು ಕಡೆಯವರು ಇನ್ನೊಂದು ಕಡೆಯವರ ಹಿಂದೆ ಹೋಗಿಬಿಡುತ್ತಾರೆ. ಮೂರನೇ ಸಲಕ್ಕೆ ನಿಲ್ಲುತ್ತದೆ. ಆಗ ಒಂದು ಪ್ರಶ್ನೆ: ಎರಡೂ ಕಡೆಯ ಚಪ್ಪಾಳೆ ಒಟ್ಟಿಗೆ ಬೀಳುವುದು ಯಾವಾಗ? ಯಾರೂ ಲೆಕ್ಕ ಮಾಡುವ ಗೋಜಿಗೆ ಹೋಗುವುದಿಲ್ಲ, ಕಿವಿಗೇ ಗೊತ್ತಾಗುತ್ತದೆ, ಅಷ್ಟು ಹೊತ್ತು ಚದುರಿ ಬೀಳುತ್ತಿದ್ದ ಸದ್ದು ಒಮ್ಮೆ ದಪ್ಪಗೆ "ಢಪ್" ಅನ್ನುತ್ತದಲ್ಲ, ಅಲ್ಲಿ. ಎಣಿಸಿದರೆ 12 ಅಕ್ಷರಕ್ಕೊಂದು ಢಪ್.

ಮಜಾ ಇರುವುದು ಮಾರನೇ ದಿನ. 4 ಮತ್ತು 6 ಕೊಟ್ಟೆ. ಆರಕ್ಕೆ "ತಕಧಿಮಿತಕ", ಚಪ್ಪಾಳೆ ಮೊದಲ "ತ"ಗೆ ಮಾತ್ರ. ಚಪ್ಪಾಳೆಗೆ ಮೊದಲೇ ಕೇಳಿದೆ, ಎಲ್ಲಿ ಸೇರುತ್ತೆ ಹೇಳಿ. ಹಿಂದಿನ ದಿನ ಮೂರ್ನಾಲ್ಕ್ಲ ಹನ್ನೆರಡು ಆಗಿತ್ತಲ್ಲ, ಅದೇ ಧೈರ್ಯದಲ್ಲಿ ಎಲ್ಲರೂ ಒಕ್ಕೊರಲಿನಿಂದ "ಇಪ್ಪತ್ನಾಲ್ಕು ಸಾರ್" ಅಂದರು. ಶುರು ಮಾಡಿದೆವು. 12 ಅಕ್ಷರ ಮುಗಿದ ಕೂಡಲೇ ಢಪ್. ನಕ್ಕರು. ತಪ್ಪು ಹೊಡೆದೆವು ಅಂದುಕೊಂಡರು. "ಏಯ್, ಸರಿಯಾಗಿ ಹೊಡಿಯೋ" ಅಂತ ಒಬ್ಬರಿಗೊಬ್ಬರು ಬೈದುಕೊಂಡು ಮತ್ತೆ ಶುರು ಮಾಡಿದರು. ಮತ್ತೆ 12ಕ್ಕೇ ಢಪ್. ಮೂರನೇ ಸಲವೂ ಅಷ್ಟೇ. ಆಗ ಎರಡನೇ ಬೆಂಚಿನ ಹುಡುಗಿ, ಬಾಯಿ ಬಿಡುವುದೇ ಅಪರೂಪ ಅವಳು, "ಸಾರ್, ಹನ್ನೆರಡು ಎರಡು ಮಗ್ಗೀಲೂ ಬರುತ್ತೆ, ಇಪ್ಪತ್ನಾಲ್ಕಕ್ಕಿಂತ ಮುಂಚೇನೇ ಬರುತ್ತೆ" ಅಂದಳು. ಲ.ಸಾ.ಅ.ದ ಮೂರೂ ಪದ ಆ ಒಂದು ಮಾತಿನಲ್ಲಿ ಬಂದುಬಿಟ್ಟವು. ಎರಡು ಮಗ್ಗಿಯಲ್ಲೂ ಇರಬೇಕು, ಅದು ಸಾಮಾನ್ಯ. ಮಗ್ಗಿಯಲ್ಲಿ ಬರಬೇಕು, ಅದು ಅಪವರ್ತ್ಯ. ಎಲ್ಲಕ್ಕಿಂತ ಮೊದಲು ಬರಬೇಕು, ಅದು ಲಘುತಮ. ಬೋರ್ಡಿನ ಮೇಲೆ ಹೆಸರು ಬರೆದಿದ್ದು ಆಗ.

3 ಮತ್ತು 4ಕ್ಕೆ ಗುಣಿಸಿದರೆ ಸರಿ ಬರುತ್ತೆ, 4 ಮತ್ತು 6ಕ್ಕೆ ಯಾಕೆ ಬರಲ್ಲ ಅನ್ನುವ ಪ್ರಶ್ನೆಯನ್ನು ಅವರೇ ಕೇಳಿದರು. ಅಲ್ಲಿಂದ ಮ.ಸಾ.ಅ.ಗೆ (ಮಹತ್ತಮ ಸಾಮಾನ್ಯ ಅಪವರ್ತನ) ದಾರಿ ತಾನಾಗಿ ತೆರೆಯಿತು.

ಈ ಪಾಠದಲ್ಲಿ ಯಾರೂ ಹಾಡಲಿಲ್ಲ, ಗಮನಿಸಿದಿರಾ. "ನನಗೆ ರಾಗ ಬರಲ್ಲ ಮೇಡಂ" ಅನ್ನುವ ಮಕ್ಕಳು, ದನಿ ಒಡೆದು ಬಾಯಿ ತೆರೆಯಲು ನಾಚುವ ಒಂಬತ್ತನೇ ತರಗತಿಯ ಹುಡುಗರು, ಎಲ್ಲರಿಗೂ ಇದು ಆಗುತ್ತದೆ. ನಮಗೂ ಆಗುತ್ತದೆ.

ಕನ್ನಡ ಮೇಷ್ಟ್ರುಗಳೇ, ಈಗ ನಿಮ್ಮ ಅಂಗಳಕ್ಕೆ ಬರುತ್ತೇನೆ. ಛಂದಸ್ಸು ಅಂದರೆ ಮಕ್ಕಳಿಗೆ ಪರೀಕ್ಷೆಯ ಮೂರು ಅಂಕ. ಪ್ರಸ್ತಾರ ಹಾಕು, ಗಣ ವಿಂಗಡಿಸು, ಹೆಸರು ಬರೆ. ಸಾಲನ್ನು ಬಾಯಿಬಿಟ್ಟು ಓದದೇ ಪ್ರಸ್ತಾರ ಹಾಕುವ ಮಕ್ಕಳಿದ್ದಾರೆ! ಭಾಮಿನಿ ಷಟ್ಪದಿ ತೆಗೆದುಕೊಳ್ಳಿ. 3, 4, 3, 4. ತಕಿಟ ತಕಧಿಮಿ ತಕಿಟ ತಕಧಿಮಿ. ಒಂದು ಸಾಲಿಗೆ 14 ಮಾತ್ರೆ. ಮೂರನೇ ಮತ್ತು ಆರನೇ ಸಾಲು ಉದ್ದ, 3+4 ಮೂರು ಸಲ, ಕೊನೆಗೊಂದು ಗುರು, 23 ಮಾತ್ರೆ. ಆರೂ ಸಾಲು ಕೂಡಿಸಿದರೆ 102. ಕುಮಾರವ್ಯಾಸ ಹತ್ತು ಪರ್ವದ ಭಾರತ ಹೇಳಿದ್ದು ಇಷ್ಟೇ ಲೆಕ್ಕದಲ್ಲಿ. ಸಂಗೀತದವರು ಮಿಶ್ರ ಛಾಪು ಅನ್ನುವುದೂ ಇದೇ ಮೂರು ಮತ್ತು ನಾಲ್ಕನ್ನೇ. ತೊಡೆ ಮೇಲೆ ಏಳರ ತಾಳ ಹಾಕಿಕೊಂಡು ಒಂದು ಪದ್ಯ ಓದಿಸಿ. ಸಾಲಿನಲ್ಲಿ ಒಂದಕ್ಷರ ತಪ್ಪಾಗಿ ಓದಿದರೂ ಕೈ ಎಡವುತ್ತದೆ. ಗುರು ಯಾವುದು ಲಘು ಯಾವುದು ಅಂತ ಕೈಯೇ ಹೇಳುತ್ತದೆ, ಆಮೇಲೆ ಪೆನ್ಸಿಲ್ ತೆಗೆಯಲಿ.

ನಾನು ಇದನ್ನು ಗಣಿತಕ್ಕೆ ಎಳೆದುಕೊಂಡ ಕತೆ ಇನ್ನೂ ಚೆನ್ನಾಗಿದೆ. ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು. ಸರಿ, ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಥರ ಮಾಡಬಹುದು? ಮಕ್ಕಳು ಚಪ್ಪಾಳೆ ಹೊಡೆದು ಹುಡುಕಿದರು. ನಾಲ್ಕೂ ಲಘು, ಒಂದು. ಎರಡೂ ಗುರು, ಎರಡು. ಆಮೇಲೆ ಒಂದು ಗುರು ಎರಡು ಲಘು, ಆ ಗುರು ಮೊದಲು, ನಡುವೆ, ಕೊನೆಗೆ ಬರಬಹುದು, ಅದು ಮೂರು. ಒಟ್ಟು 5. ಮೂರು ಮಾತ್ರೆಗೆ ಹುಡುಕಿದರೆ 3 ಸಿಕ್ಕವು, ಎರಡಕ್ಕೆ 2, ಒಂದಕ್ಕೆ 1. ಐದು ಮಾತ್ರೆಗೆ? ಗುಂಪು ಗುಂಪಾಗಿ ಕೂತು ಕಿತ್ತಾಡಿ ಕೊನೆಗೆ 8 ಅಂದರು. 1, 2, 3, 5, 8. ಬೋರ್ಡಿನ ಮೇಲೆ ಬರೆದು ಸುಮ್ನೆ ನಿಂತೆ. "ಹಿಂದಿನೆರಡು ಕೂಡಿಸಿದ್ರೆ ಮುಂದಿನದು ಸಾರ್!"

ಯಾಕೆ? ಇದಕ್ಕೆ ಉತ್ತರವೂ ಚಪ್ಪಾಳೆಯಲ್ಲೇ ಇದೆ. ಐದು ಮಾತ್ರೆಯ ಯಾವ ಗಣವೇ ಆಗಲಿ, ಕೊನೆಯಲ್ಲಿ ಲಘು ಇರಬೇಕು, ಇಲ್ಲ ಗುರು ಇರಬೇಕು. ಲಘು ಇದ್ದರೆ ಅದರ ಹಿಂದೆ ನಾಲ್ಕು ಮಾತ್ರೆ ಉಳಿಯುತ್ತದೆ, ಅದನ್ನು 5 ಥರ ತುಂಬಬಹುದು ಅಂತ ಆಗಲೇ ಗೊತ್ತು. ಗುರು ಇದ್ದರೆ ಮೂರು ಉಳಿಯುತ್ತದೆ, ಅದು 3 ಥರ. ಐದೂ ಮೂರೂ ಎಂಟು. ಪ್ರಪಂಚ ಈ ಸಾಲನ್ನು ಫಿಬೊನಾಚಿ ಸಂಖ್ಯೆ ಅನ್ನುತ್ತದೆ, ಆತ ಇಟಲಿಯವನು, ಪುಸ್ತಕ ಬರೆದದ್ದು 1202ರಲ್ಲಿ, ಅವನು ಎಣಿಸಿದ್ದು ಮೊಲಗಳನ್ನು. ಅದಕ್ಕೂ ಮೊದಲೇ, 12ನೇ ಶತಮಾನದಲ್ಲಿ, ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಇದೇ ಸಂಖ್ಯೆಗಳನ್ನು ಮಾತ್ರೆ ಎಣಿಸುತ್ತಲೇ ಬರೆದಿಟ್ಟಿದ್ದಾರೆ. ಅವರಿಗಿಂತ ಹಿಂದೆ ವಿರಹಾಂಕ ಅನ್ನುವವರೂ ಹೇಳಿದ್ದಾರೆ. "ಎಲ್ಲಾ ನಮ್ಮಲ್ಲೇ ಇತ್ತು" ಅಂತ ಎದೆ ತಟ್ಟಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆ ಥರ ಭಾಷಣ ಬೇಕಾದಷ್ಟು ಕೇಳಿದ್ದೀರಿ. ಪದ್ಯ ಕಟ್ಟುವವರಿಗೆ ಈ ಲೆಕ್ಕ ನಿಜವಾಗಿ ಬೇಕಾಗಿತ್ತು, ಅದಕ್ಕೇ ಮಾಡಿದರು ಅನ್ನುವುದು ಮಕ್ಕಳಿಗೆ ಗೊತ್ತಾಗಲಿ ಅಂತ.

"ಯಮಾತಾರಾಜಭಾನಸಲಗಂ" ನೆನಪಿದೆಯಾ? ಎಲ್ಲರೂ ತಲೆ ಆಡಿಸುತ್ತಿದ್ದೀರಿ. ಅದರಲ್ಲಿ ಯಾವುದೇ ಅಕ್ಷರದಿಂದ ಶುರು ಮಾಡಿ ಮೂರು ಅಕ್ಷರ ತೆಗೆದುಕೊಂಡರೆ ಆ ಹೆಸರಿನ ಗಣ. ಯಮಾತಾ, ಯ ಗಣ. ಮಾತಾರಾ, ಮ ಗಣ. ಹೀಗೆ ಎಂಟು. ಯಾಕೆ ಎಂಟೇ ಗಣ, ಒಂಬತ್ತು ಯಾಕಿಲ್ಲ ಅಂತ ನಿಮ್ಮ ತರಗತಿಯಲ್ಲಿ ಒಮ್ಮೆ ಕೇಳಿ. ಎರಡು, ಎರಡು, ಎರಡು ಗುಣಿಸಿದರೆ ಎಂಟು ಅಂತ ಯಾವುದಾದರೂ ಮಗು ಹೇಳುತ್ತದೆ. ಹೇಳದಿದ್ದರೆ ಒಂದು ವಾರ ಬಿಟ್ಟು ಮತ್ತೆ ಕೇಳಿ, ಉತ್ತರ ಕೊಡಬೇಡಿ.

ಕಟಪಯಾದಿ ಅಂತ ಒಂದಿದೆ, ಅಕ್ಷರಕ್ಕೆ ಅಂಕಿ ಕೊಡುವ ಲೆಕ್ಕ, ಹೆಚ್ಚು ಎಳೆಯುವುದಿಲ್ಲ. ಕರ್ನಾಟಕ ಸಂಗೀತದಲ್ಲಿ 72 ಮೇಳ (ಮೂಲ ರಾಗ), ಒಂದೊಂದು ಮೇಳದ ಹೆಸರಿನ ಮೊದಲೆರಡು ಅಕ್ಷರದಲ್ಲಿ ಅದರ ನಂಬರು ಅಡಗಿದೆ. ಮಾಯಾಮಾಳವಗೌಳ. ಪ ಫ ಬ ಭ ಮ, ಮ ಐದನೆಯದು. ಯ ರ ಲ ವ, ಯ ಮೊದಲನೆಯದು. 51, ಅದನ್ನು ತಿರುಗಿಸಿದರೆ 15. ಹದಿನೈದನೇ ಮೇಳ. ಇಷ್ಟು ಹೇಳಿಕೊಟ್ಟ ಮೇಲೆ ನಮ್ಮ ಎಂಟನೇ ತರಗತಿಯವರು ಒಂದು ತಿಂಗಳು ಗುಟ್ಟಿನ ಚೀಟಿಗಳನ್ನೆಲ್ಲ ಇದರಲ್ಲೇ ಬರೆದರು. ಅದರಲ್ಲಿ ನನ್ನ ಅಡ್ಡಹೆಸರೂ ಇತ್ತು ಅಂತ ಆಮೇಲೆ ಗೊತ್ತಾಯಿತು.

ಈಗ ವಿಜ್ಞಾನ. ಎರಡು ಗಾಜಿನ ಬಾಟಲಿ ತಂದಿದ್ದೇನೆ. (ಎಲ್ಲಿ ಸಿಕ್ಕವು ಅಂತ ಕೇಳಬೇಡಿ. ಶಾಲೆ ಕಾಂಪೌಂಡಿನ ಹಿಂದೆ ಸೋಮವಾರ ಬೆಳಿಗ್ಗೆ ಯಾವ ಬಾಟಲಿ ಬಿದ್ದಿರುತ್ತವೆ ಅಂತ ಇಲ್ಲಿರುವ ಎಲ್ಲ ಹೆಡ್‌ಮಾಸ್ಟರಿಗೂ ಗೊತ್ತು. ಬಿಸಿನೀರಲ್ಲಿ ತೊಳೆದಿದ್ದೇನೆ.) ಒಂದರಲ್ಲಿ ಸ್ವಲ್ಪ ನೀರು, ಇನ್ನೊಂದರಲ್ಲಿ ಮುಕ್ಕಾಲು. ಚಮಚದಿಂದ ತಟ್ಟುತ್ತೇನೆ. ಜಾಸ್ತಿ ನೀರಿರುವುದು ದಪ್ಪ ದನಿ, ಕಡಿಮೆ ನೀರಿರುವುದು ಸಣ್ಣ ದನಿ. ಜಲತರಂಗದವರು ಬಟ್ಟಲಿಗೆ ನೀರು ಹನಿಸಿ ಶ್ರುತಿ ಇಳಿಸುವುದು ಇದೇ ಲೆಕ್ಕದಲ್ಲಿ. ಈಗ ಬಾಯಿಗೆ ತುಟಿ ಇಟ್ಟು ಊದುತ್ತೇನೆ. ಕೇಳಿ. ತಲೆಕೆಳಗಾಯಿತಲ್ಲ! ಜಾಸ್ತಿ ನೀರಿರುವುದೇ ಸಣ್ಣ ದನಿ.

ಅದೇ ಬಾಟಲಿ, ಅದೇ ನೀರು. ತರಗತಿಯಲ್ಲಿ ಇದನ್ನು ಮಾಡಿ ಬಾಯಿ ಮುಚ್ಚಿಕೊಂಡು ಕೂತುಬಿಡಿ. ಹದಿನೈದು ನಿಮಿಷ ಅವರೇ ಜಗಳ ಆಡಲಿ. ತಟ್ಟಿದಾಗ ನಡುಗುವುದು ಗಾಜು, ನೀರು ಅದಕ್ಕೆ ಭಾರ, ಭಾರ ಜಾಸ್ತಿಯಾದರೆ ನಡುಕ ನಿಧಾನ. ಊದಿದಾಗ ನಡುಗುವುದು ಒಳಗಿನ ಗಾಳಿ, ನೀರು ಜಾಸ್ತಿಯಾದರೆ ಗಾಳಿಗೆ ಜಾಗ ಕಡಿಮೆ, ನಡುಕ ಜೋರು. "ಏನು ನಡುಗುತ್ತಿದೆ?" ಅನ್ನುವ ಒಂದು ಪ್ರಶ್ನೆ ಮಕ್ಕಳಿಗೆ ಹತ್ತಿದರೆ ಶಬ್ದದ ಪಾಠ ಮುಕ್ಕಾಲು ಮುಗಿಯಿತು.

ಇನ್ನೊಂದು ಹಲಗೆ ಇದೆ, ಇದನ್ನು ನಮ್ಮೂರ ಬಡಗಿ ಮಾಡಿಕೊಟ್ಟರು. ಎರಡು ಮೊಳೆ, ನಡುವೆ ಬಿಗಿದ ಒಂದು ತಂತಿ, ಎರಡು ಕಡೆ ಮರದ ಚಕ್ಕೆ, ಚಕ್ಕೆಯಿಂದ ಚಕ್ಕೆಗೆ ಸರಿಯಾಗಿ 60 ಸೆಂಟಿಮೀಟರ್. ಕೆಳಗೆ ಸ್ಕೇಲು ಅಂಟಿಸಿದ್ದೇನೆ. ಪೂರ್ತಿ ತಂತಿ ಮೀಟಿದರೆ ಸ. 45ಕ್ಕೆ ಒತ್ತಿದರೆ ಮ. 40ಕ್ಕೆ ಪ. 30ಕ್ಕೆ ಮೇಲಿನ ಸ. ಭಿನ್ನರಾಶಿಯಲ್ಲಿ ಬರೆಸಿ, ಮುಕ್ಕಾಲು, ಮೂರರಲ್ಲಿ ಎರಡು, ಅರ್ಧ. "2/3 ದೊಡ್ಡದೋ 3/4 ದೊಡ್ಡದೋ" ಅಂತ ಅಳುವ ಮಕ್ಕಳು ಇಲ್ಲಿ ಅದನ್ನು ಕಿವಿಯಲ್ಲಿ ಕೇಳಿ ಹೇಳುತ್ತಾರೆ. ತಂತಿ ಉದ್ದವಾದಷ್ಟೂ ದನಿ ಕೆಳಗೆ, ಮ ಸ್ವರ ಪ ಸ್ವರಕ್ಕಿಂತ ಕೆಳಗಿದೆ, ಹಾಗಾದರೆ 3/4 ದೊಡ್ಡದು. ಯಾಕೆ 60 ಅಂತ ಹಲಗೆ ಮಾಡುವಾಗ ಬಡಗಿ ಕೇಳಿದ್ದರು. ಎರಡು, ಮೂರು, ನಾಲ್ಕು, ಐದು, ಎಲ್ಲದರಿಂದಲೂ ಭಾಗವಾಗುತ್ತಲ್ಲ. ಐದರಲ್ಲಿ ನಾಲ್ಕು, 48ಕ್ಕೆ ಒತ್ತಿ ನೋಡಿ, ಗ ಸಿಗುತ್ತದೆ. ಹುಡುಗರ ದನಿ ಯಾಕೆ ಒಡೆಯುತ್ತೆ ಅನ್ನುವುದನ್ನೂ ಇದೇ ಹಲಗೆಯ ಮುಂದೆ ಹೇಳಿಬಿಡಿ. ಗಂಟಲೊಳಗಿನ ಧ್ವನಿ ತಂತುಗಳು ಉದ್ದ ಆಗುತ್ತವೆ, ದಪ್ಪ ಆಗುತ್ತವೆ, ಅಷ್ಟೇ. ನಾಚಿಕೆ ಅರ್ಧ ಕಡಿಮೆಯಾಗುತ್ತೆ.

ಒಂದು ದಿನ ಶಬ್ದದ ಪಾಠ ನಡೆಯುತ್ತಿತ್ತು. ಬಿಗಿ ಜಾಸ್ತಿಯಾದರೆ ದನಿ ಏರುತ್ತದೆ ಅಂತ ಹೇಳುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ, ತುಂಬ ಮೆಲ್ಲಗೆ, "ಅದಕ್ಕೇ ತಮಟೆ ಕಾಯಿಸೋದು" ಅಂದ. ಪಕ್ಕದವನಿಗೆ ಹೇಳಿದ್ದು, ನನಗಲ್ಲ. ಅವನ ಅಪ್ಪ ತಮಟೆ ಬಾರಿಸುತ್ತಾರೆ, ಊರಿಗೆಲ್ಲ ಗೊತ್ತು, ಅವನು ಮಾತ್ರ ತರಗತಿಯಲ್ಲಿ ಆ ಸುದ್ದಿ ಎತ್ತಿದವನಲ್ಲ. ಮುಂದೆ ಕರೆದೆ. ಬರಲಿಲ್ಲ. ಕೂತಲ್ಲೇ ಹೇಳು ಅಂದೆ. ಹೇಳಿದ. ಮಳೆಗಾಲದಲ್ಲಿ ಚರ್ಮ ತೇವ ಹಿಡಿದು ಸಡಿಲ ಆಗುತ್ತೆ, ಆಗ ಬಡಿದರೆ "ಬದ್ ಬದ್" ಅನ್ನುತ್ತೆ, ಹುಲ್ಲು ಹಾಕಿ ಬೆಂಕಿ ಮಾಡಿ ಅಂಚಿನಿಂದ ಸುತ್ತ ತೋರಿಸಬೇಕು, ಒಂದೇ ಕಡೆ ಹಿಡಿದರೆ ಸೀಳುತ್ತೆ, ಬೆರಳಲ್ಲಿ ತಟ್ಟಿ ನೋಡಬೇಕು, "ಟಣ್" ಅಂದಾಗ ತೆಗೆಯಬೇಕು. ಪುಸ್ತಕದಲ್ಲಿ ಮೂರು ಸಾಲು ಇದ್ದದ್ದು ಅವನ ಬಾಯಲ್ಲಿ ಹತ್ತು ನಿಮಿಷ ಆಯಿತು. ಸಿ.ವಿ. ರಾಮನ್ ಅವರು 1920ರಲ್ಲಿ ನಮ್ಮ ಮೃದಂಗ, ತಬಲಾಗಳ ನಡುವಿನ ಕರಿ ಲೇಪ ದನಿಯನ್ನು ಹೇಗೆ ಹದ ಮಾಡುತ್ತದೆ ಅಂತ ಬರೆದದ್ದನ್ನು ನಾನು ಆ ದಿನ ಹೇಳಬೇಕು ಅಂತ ತಯಾರಾಗಿ ಹೋಗಿದ್ದೆ. ಮಾರನೇ ದಿನಕ್ಕೆ ಇಟ್ಟುಕೊಂಡೆ.

ಚರಿತ್ರೆಯವರಿಗೆ ಲಾವಣಿ. ಹಲಗಲಿಯ ಬೇಡರ ದಂಗೆ ಪುಸ್ತಕದಲ್ಲಿ ನಾಲ್ಕೈದು ಸಾಲು. 1857ರಲ್ಲಿ ಆಯುಧ ಒಪ್ಪಿಸಿ ಅಂತ ಕಂಪನಿ ಸರ್ಕಾರ ಕಾನೂನು ತಂತು, ಹಲಗಲಿಯವರು ಕೊಡಲಿಲ್ಲ, ಸೈನ್ಯ ಬಂತು. ಅದರ ಮೇಲಿನ ಲಾವಣಿಯನ್ನು ಬರೆದಿಟ್ಟು ಅಚ್ಚು ಹಾಕಿಸಿದವರಲ್ಲಿ ಮೊದಲಿಗರು ಜೆ.ಎಫ್. ಫ್ಲೀಟ್, ಅವರೋ ಬ್ರಿಟಿಷ್ ಸರ್ಕಾರದ ಅಧಿಕಾರಿ! ಯಾರು ಹೊಡೆದರೋ ಅವರ ಕಡೆಯವರೇ ಹೊಡೆಸಿಕೊಂಡವರ ಹಾಡನ್ನು ಉಳಿಸಿದರು. ಈ ಒಂದು ವಿಷಯಕ್ಕೇ ಒಂದು ಪೀರಿಯಡ್ ಬೇಕು. ಲಾವಣಿಯನ್ನು ಸುಮ್ನೆ ಹಾಡಿಸಿ ಬಿಡಬೇಡಿ. ಹಾಡು ಕಟ್ಟಿದವನು ಯಾರ ಪರ? ಯಾವ ಹೆಸರು ಹೇಳಿದ್ದಾನೆ, ಯಾವುದನ್ನು ನುಂಗಿದ್ದಾನೆ? ಸೈನಿಕರ ಲೆಕ್ಕ ಪ್ರಾಸಕ್ಕೋಸ್ಕರ ಏರಿತೋ ಇಲ್ಲ ನಿಜವೋ? ಇದೇ ಪ್ರಶ್ನೆಗಳನ್ನು ಆಮೇಲೆ ಪಠ್ಯಪುಸ್ತಕಕ್ಕೂ ಕೇಳುವ ಮಕ್ಕಳು ಒಬ್ಬಿಬ್ಬರು ಹುಟ್ಟಿಕೊಳ್ಳುತ್ತಾರೆ. ನಿಮಗೆ ಸ್ವಲ್ಪ ಕಿರಿಕಿರಿ ಆಗಬಹುದು, ಇರಲಿ.

ತೊಂದರೆಗಳಿಗೆ ಬರೋಣ. ಗದ್ದಲ ಆಗುತ್ತದೆ. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ನನ್ನ ತರಗತಿ ನೋಡಿ "ಏನ್ರೀ ಇದು, ಭಜನೆ ಮನೆನಾ?" ಅಂದಿದ್ದರು. ಉತ್ತರ ಕೊಡಲಿಲ್ಲ, ಮಕ್ಕಳಿಗೆ 8 ಮತ್ತು 12 ಕೊಟ್ಟು ಚಪ್ಪಾಳೆ ಹೊಡೆಸಿದೆ. ಅವರು 96 ಅಂದುಕೊಂಡು ನಿಂತಿದ್ದರು ಅಂತ ಕಾಣುತ್ತೆ, 24ಕ್ಕೆ ಢಪ್ ಅಂದಾಗ ಬೆಚ್ಚಿದರು. ಇಡೀ ಪೀರಿಯಡ್ ಚಪ್ಪಾಳೆ ಹೊಡೆಸಬೇಡಿ, ಎಂಟು ಹತ್ತು ನಿಮಿಷ ಸಾಕು, ಆಮೇಲೆ ಪುಸ್ತಕ ತೆರೆದು ಲೆಕ್ಕ ಮಾಡಿಸಲೇಬೇಕು. ಚಪ್ಪಾಳೆ ಹೊಡೆದ ಮಾತ್ರಕ್ಕೆ ಪರೀಕ್ಷೆ ಪಾಸಾಗುವುದಿಲ್ಲ.

ಹಾಡು ಆರಿಸುವಾಗ ಒಂದು ಎಚ್ಚರ. ತರಗತಿಯಲ್ಲಿ ಎಲ್ಲ ಮನೆಯ ಮಕ್ಕಳೂ ಇರುತ್ತಾರೆ. ನನಗೆ ಬರುವುದು ಭಜನೆ ಪದ, ಹಾಗಂತ ಎಲ್ಲರ ಬಾಯಲ್ಲೂ ಅದನ್ನೇ ಹಾಡಿಸಲು ಹೋಗುವುದಿಲ್ಲ. ಲೆಕ್ಕ ಬೇಕಾಗಿರುವುದು ತಾಳಕ್ಕೆ, ದೇವರಿಗಲ್ಲ. ಅವರವರ ಮನೆಯದನ್ನೇ ತರಲು ಹೇಳಿ. ಲಂಬಾಣಿ ತಾಂಡಾದ ಹುಡುಗಿಯರು ತಂದ ಕುಣಿತದ ಹೆಜ್ಜೆ ಎಣಿಸಲು ಹೋಗಿ ನಾನೇ ಎರಡು ಸಲ ತಪ್ಪಿದ್ದೇನೆ. ಅವರು ತಪ್ಪಲಿಲ್ಲ.

ಇನ್ನು, ಅಪ್ಪ ಅಮ್ಮಂದಿರು ಕೇಳುವ ಮಾತು: "ಸಂಗೀತ ಕೇಳಿಸಿದರೆ ಬುದ್ಧಿ ಚುರುಕಾಗುತ್ತಂತೆ ಹೌದಾ ಸಾರ್?" ಮೊಟ್ಸಾರ್ಟ್ ಸಂಗೀತ ಕೇಳಿಸಿ ಅಂತ ಮೊಬೈಲಲ್ಲಿ ಓಡಾಡುವುದು ಅದೇ. ಅದರ ಮೂಲ 1993ರ ಒಂದು ಪ್ರಯೋಗ. ಅಮೆರಿಕದ 36 ಕಾಲೇಜು ವಿದ್ಯಾರ್ಥಿಗಳು ಹತ್ತು ನಿಮಿಷ ಮೊಟ್ಸಾರ್ಟ್ ಕೇಳಿದರು, ಕಾಗದ ಮಡಿಸುವಂಥ ಒಂದು ಬಗೆಯ ಪ್ರಶ್ನೆಗಳಲ್ಲಿ ಸ್ವಲ್ಪ ಜಾಸ್ತಿ ಅಂಕ ತೆಗೆದರು, ಹದಿನೈದು ನಿಮಿಷದೊಳಗೆ ಅದೂ ಇಳಿದುಹೋಯಿತು. ಹಸುಗೂಸುಗಳ ಮೇಲೆ ಯಾರೂ ಪ್ರಯೋಗ ಮಾಡಿರಲಿಲ್ಲ. ಆದರೂ 1998ರಲ್ಲಿ ಅಲ್ಲಿನ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟಿದ ಪ್ರತಿ ಮಗುವಿಗೂ ಸರ್ಕಾರದ ಖರ್ಚಿನಲ್ಲಿ ಸಂಗೀತ ಕೊಡಲು ಬಜೆಟ್ಟಲ್ಲಿ ದುಡ್ಡು ಕೇಳಿದರು. ಅಂಥ ಮಾತನ್ನು ನಾನು ಯಾವ ಪೋಷಕರಿಗೂ ಹೇಳುವುದಿಲ್ಲ. ನನ್ನ ತರಗತಿಯಲ್ಲಿ ಸಂಗೀತದಿಂದ ಯಾರ ಬುದ್ಧಿಯೂ ಬೆಳೆದ ಹಾಗೆ ಕಾಣಲಿಲ್ಲ. ಲ.ಸಾ.ಅ. ಅರ್ಥವಾಗಿದೆ, ಅಷ್ಟಂತೂ ಹೇಳಬಲ್ಲೆ.

ಕೊನೆಗೊಂದು ಕೆಲಸ, ಎಲ್ಲರೂ ಸೇರಿ. ನಮ್ಮ ಏಳನೇ ತರಗತಿಯವನೊಬ್ಬ ಕೇಳಿದ್ದು, "ಸಾರ್, 3, 4, 5 ಮೂರನ್ನೂ ಒಟ್ಟಿಗೆ ಹೊಡೆದ್ರೆ?" ಅಂತ. 60ಕ್ಕೆ ಸೇರಬೇಕು. ನಮ್ಮ ಮಕ್ಕಳಿಗೆ ಒಂದು ವಾರ ಹಿಡಿಯಿತು. ನೀವು ಮಾಡಿ ನೋಡೋಣ. ಎಡಗಡೆಯವರು ತಕಿಟ, ಬಲಗಡೆಯವರು ತಕಧಿಮಿ, ಹಿಂದಿನ ಸಾಲಿನವರು, ಸಾರ್ ಮೊಬೈಲು ಕೆಳಗಿಡಿ, ನೀವು ತಕತಕಿಟ, ಚಪ್ಪಾಳೆ ಮೊದಲ "ತ"ಗೆ ಮಾತ್ರ. ನಾನು ಮೇಜು ಕುಟ್ಟುತ್ತೇನೆ.

(ಮೊದಲ ಸಲ 20 ದಾಟುವಷ್ಟರಲ್ಲೇ ಹಿಂದಿನ ಸಾಲು ಬಲಗಡೆಯವರ ಜೊತೆ ಸೇರಿಹೋಯಿತು. ಎರಡನೇ ಸಲ ಎಡಗಡೆಯವರು ನಗಲು ಶುರು ಮಾಡಿ ಕೆಡಿಸಿದರು. ಮೂರನೇ ಸಲ ಟೀ ಬಂತು, ಯಾರೂ ಏಳಲಿಲ್ಲ. ನಾಲ್ಕನೇ ಸಲ 48 ಆಯಿತು, 54 ಆಯಿತು, ಸಭಾಂಗಣದಲ್ಲಿ ಎಲ್ಲರ ತುಟಿಯೂ ಅಲ್ಲಾಡುತ್ತಿತ್ತು.)